ಮಕ್ಕಳಾಟದ ಕೋಳಿಗಳು

"ಕೋಳಿ ಸಾಕೋದು ಅಂದ್ರೆ ಮಕ್ಕಳಾಟ ಅಲ್ಲ ಕಣೇ" ಎಂದು ನಮ್ಮವ್ವ ಆಗಾಗ ಹೇಳುತ್ತಿದ್ದಳು. ಅವಳು ಈಗ ಇದ್ದಿದ್ದರೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತಿತ್ತೋ ಏನೋ. ಏಕೆಂದರೆ ಕೋಳಿ ಸಾಕುವುದು ಈಗ ನಿಜಕ್ಕೂ ಮಕ್ಕಳಾಟವೇ ಆಗಿದೆ. ನಂಬಿಕೆ ಬಾರದಿದ್ದರೆ ನಿಮ್ಮ ಮನೆಯ ಹತ್ತು ವರ್ಷದ ಮಗುವನ್ನು ಕೇಳಿ ನೋಡಿ.

ಆ ಆಟದ ಹೆಸರು ಮೈನ್‌ಕ್ರಾಫ್ಟ್. ಸ್ವೀಡನ್ ದೇಶದಲ್ಲಿ ಹುಟ್ಟಿ, 2011ರಲ್ಲಿ ಪೂರ್ಣರೂಪದಲ್ಲಿ ಹೊರಬಂತು. 2014ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಅದನ್ನು ಮಾಡಿದ ಸಂಸ್ಥೆಯನ್ನೇ 250 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು. ಅಷ್ಟು ದುಡ್ಡು ಕೊಟ್ಟು ಕೊಳ್ಳುವಂಥದ್ದು ಅದರಲ್ಲೇನಿದೆ ಎಂದು ನೋಡಿದರೆ, ಚೌಕ ಚೌಕದ ಇಟ್ಟಿಗೆಗಳು! ಮರ ಚೌಕ, ಮೋಡ ಚೌಕ, ಸೂರ್ಯನೂ ಚೌಕ. ಬರಿಗೈಯಲ್ಲಿ ಕಾಡಿಗೆ ಬಿದ್ದವರು ಮರ ಕಡಿದು, ಗೂಡು ಕಟ್ಟಿ, ಹಸಿವು ನೀಗಿಸಿಕೊಂಡು, ರಾತ್ರಿ ಬರುವ ದೆವ್ವಗಳಿಂದ ಪಾರಾಗಬೇಕು. ಬದುಕಿ ಉಳಿಯುವುದೇ ಆಟ. ಅಲ್ಲಿಯ ಒಂದು ಹಗಲು ರಾತ್ರಿ ನಮ್ಮ ಲೆಕ್ಕದಲ್ಲಿ 20 ನಿಮಿಷ.

ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನೆಲ್ಲ ಕಲಿಸಿದಳು. ಅವಳನ್ನು ಪುಟ್ಟಿ ಎಂದೇ ಕರೆಯೋಣ. ಉಳಿದದ್ದು ನನ್ನ ತಲೆಗೆ ಹತ್ತಿತೋ ಇಲ್ಲವೋ, ಕೋಳಿಯ ವಿಷಯ ಬಂದಾಗ ಮಾತ್ರ ಕನ್ನಡಕ ಸರಿಮಾಡಿಕೊಂಡು ಕೂತೆ. ತೀರ್ಥಹಳ್ಳಿ ಕಡೆಯ ಕೋಳಿ ಒಡ್ಡಿಯ ಪಕ್ಕದಲ್ಲಿ ಬೆಳೆದವಳಲ್ಲವೇ ನಾನು!

ಆಟದಲ್ಲಿ ಕೋಳಿ ಸಾಕುವ ಕ್ರಮ ಹೀಗಿದೆ. ಹುಲ್ಲು ಕಿತ್ತರೆ ಅಷ್ಟಿಷ್ಟು ಗೋಧಿ ಬೀಜ ಸಿಗುತ್ತದೆ. ಬೀಜ ಕೈಯಲ್ಲಿ ಹಿಡಿದು ನಡೆದರೆ ಕೋಳಿಗಳು ಹಿಂದೆಯೇ ಬರುತ್ತವೆ. ಎರಡು ಕೋಳಿಗಳಿಗೆ ಬೀಜ ತಿನ್ನಿಸಿದರೆ ಅವುಗಳ ತಲೆಯ ಮೇಲೆ ಕೆಂಪು ಹೃದಯಗಳು ಹಾರಾಡುತ್ತವೆ, ಕಣ್ಣು ಮಿಟುಕಿಸುವುದರೊಳಗೆ ನಡುವೆ ಒಂದು ಮರಿ! ಹುಂಜ ಹೇಂಟೆ ಎಂಬ ಭೇದವಿಲ್ಲ, ಯಾವ ಎರಡಾದರೂ ಆದೀತು. 5 ನಿಮಿಷ ಕಳೆದರೆ ಅವೇ ಜೋಡಿ ಮತ್ತೆ ಸಿದ್ಧ. ಮರಿ ಬೆಳೆದು ದೊಡ್ಡದಾಗಲು 20 ನಿಮಿಷ ಸಾಕು. ಅಷ್ಟೂ ಕಾಯಲಾರದವರು ಮರಿಗೆ ಬೀಜ ತಿನ್ನಿಸುತ್ತಾ ಹೋದರೆ ಇನ್ನೂ ಬೇಗ ಬೆಳೆಯುತ್ತದೆ.

ಕೋಳಿಗಳು 5ರಿಂದ 10 ನಿಮಿಷಕ್ಕೊಮ್ಮೆ ಮೊಟ್ಟೆಯನ್ನೂ ಇಡುತ್ತವೆ. ಆ ಮೊಟ್ಟೆಯಿಂದ ಮರಿ ಬೇಕಾದರೆ ಏನು ಮಾಡಬೇಕು ಗೊತ್ತೇ? ಎತ್ತಿ ಎಸೆಯಬೇಕು! ಎಂಟರಲ್ಲಿ ಒಂದರ ಲೆಕ್ಕದಲ್ಲಿ ಮರಿ ಬರುತ್ತದೆ, ಅಪರೂಪಕ್ಕೊಮ್ಮೆ ನಾಲ್ಕು ಒಟ್ಟಿಗೆ. ಉಳಿದವು ಒಡೆದು ಮಾಯ. ಪುಟ್ಟಿ ಮೊಟ್ಟೆಗಳನ್ನು ಗೋಡೆಗೆ ರಪರಪ ಎಸೆಯುವಾಗ ನನ್ನ ಕೈ ತಾನಾಗಿ ಸೆರಗಿನ ತುದಿ ಹಿಡಿದು ಮುಂದೆ ಚಾಚಿತು. ನಮ್ಮವ್ವ ಒಂದು ಮೊಟ್ಟೆ ಕೈಜಾರಿ ಬಿದ್ದರೆ ದಿನವೆಲ್ಲ ಪೇಚಾಡುತ್ತಿದ್ದಳು.

ಆಟವನ್ನು ಬರೆದವರು ಕೋಳಿಯ ಬಗ್ಗೆ ಏನೂ ತಿಳಿಯದವರು ಎಂದು ನಾನು ಹೇಳಲಾರೆ. ಅಲ್ಲಿಯ ಕೋಳಿ ಎಷ್ಟೇ ಎತ್ತರದಿಂದ ಬಿದ್ದರೂ ರೆಕ್ಕೆ ಬಡಿಯುತ್ತಾ ನಿಧಾನ ಇಳಿಯುತ್ತದೆ, ಪೆಟ್ಟಾಗುವುದಿಲ್ಲ. ನರಿಯೂ ಕಾಡುಬೆಕ್ಕೂ ಬಂದು ಕೋಳಿ ಹಿಡಿಯುತ್ತವೆ, ಬೇಲಿ ಭದ್ರವಾಗಿರಬೇಕು. ಗರಿಯಿಂದ ಬಾಣ ಮಾಡಬಹುದು. ಮೂರು ಬಕೆಟ್ ಹಾಲು, ಎರಡು ಪಾಲು ಸಕ್ಕರೆ, ಮೂರು ಪಾಲು ಗೋಧಿ, ಒಂದು ಮೊಟ್ಟೆ ಸೇರಿದರೆ ಕೇಕು. ಹಸಿ ಮಾಂಸ ತಿಂದರೆ ಹೊಟ್ಟೆ ಕೆಡುವುದೂ ಉಂಟು. 2025ರಲ್ಲಿ ಚಳಿಯ ಸೀಮೆಗೊಂದು ಬಗೆ, ಸೆಕೆಯ ಸೀಮೆಗೊಂದು ಬಗೆ ಕೋಳಿಯನ್ನೂ ಸೇರಿಸಿದರಂತೆ. ಒಂದು ನೀಲಿ ಮೊಟ್ಟೆ ಇಡುತ್ತದೆ, ಇನ್ನೊಂದು ಕಂದು ಮೊಟ್ಟೆ. ಎಲ್ಲ ಇದೆ. ಇಲ್ಲದಿರುವುದು ಒಂದೇ. ಅಲ್ಲಿ ಯಾವ ಕೋಳಿಯೂ ಕಾವಿಗೆ ಕೂರುವುದಿಲ್ಲ.

ನಮ್ಮ ಮನೆಯಲ್ಲಿ ಹೇಂಟೆಯೊಂದು ಕಾವಿಗೆ ಬಂತೆಂದರೆ ಬಾಣಂತಿ ಮನೆಯ ಸಡಗರ. ಬಿದಿರ ಬುಟ್ಟಿಗೆ ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಒಂದು ಕಬ್ಬಿಣದ ಚೂರು, ಒಂದು ತುಂಡು ಇದ್ದಿಲು ಇಟ್ಟು, ಹನ್ನೊಂದೋ ಹದಿಮೂರೋ ಮೊಟ್ಟೆ ಜೋಡಿಸಿ, ಸಂಜೆ ಹೊತ್ತು ಕೂರಿಸುತ್ತಿದ್ದಳು ಅವ್ವ. ಅಲ್ಲಿಂದ 21 ದಿನ. ಹೇಂಟೆ ದಿನಕ್ಕೊಮ್ಮೆ ಎದ್ದು, ಅವಸರದಲ್ಲಿ ನಾಲ್ಕು ಕಾಳು ನುಂಗಿ, ನೀರು ಕುಡಿದು, ಮೈಯನ್ನು ಉಬ್ಬಿಸಿಕೊಂಡು ಓಡಿ ಬಂದು ಕೂರುತ್ತಿತ್ತು. ವಾರ ಕಳೆದ ಮೇಲೆ ಅವ್ವ ಕತ್ತಲೆಯಲ್ಲಿ ದೀಪದ ಮುಂದೆ ಒಂದೊಂದು ಮೊಟ್ಟೆ ಹಿಡಿದು, ರಕ್ತದ ಎಳೆ ಕಂಡದ್ದನ್ನು ಉಳಿಸಿ, ಬರಿದಾದದ್ದನ್ನು ತೆಗೆಯುತ್ತಿದ್ದಳು. ಮರಿ ಹೊರಬಂದರೂ ನೆಮ್ಮದಿಯಿಲ್ಲ. ಮೇಲಿಂದ ಗಿಡುಗ, ಕೆಳಗಿಂದ ಮುಂಗುಸಿ, ರಾತ್ರಿ ಹಾವು. ಇವೆಲ್ಲ ತಪ್ಪಿದರೆ ರಾಣಿಕೇತ ರೋಗ. ಅದು ಬಂದ ವರ್ಷ ಒಡ್ಡಿಯೇ ಖಾಲಿ.

ಇಷ್ಟೆಲ್ಲ ಪಾಡು ಏಕೆ ಎಂದರೆ, ಆ ಮನೆಯಲ್ಲಿ ಅವ್ವನದು ಅಂತ ಇದ್ದದ್ದು ಕೋಳಿಗಳು ಮಾತ್ರ. ಅಡಿಕೆ, ಭತ್ತ, ಕೊನೆಗೆ ಎಮ್ಮೆಯ ಹಾಲಿನ ದುಡ್ಡೂ ಅಪ್ಪಯ್ಯನ ಕೈಗೆ ಹೋಗುತ್ತಿತ್ತು. ಕೋಳಿಯ ದುಡ್ಡಿಗೆ ಗಂಡಸರು ಕೈ ಹಾಕುವುದು ಮರ್ಯಾದೆಯಲ್ಲ ಎಂಬ ಮಾತಿತ್ತು. ಮೊಟ್ಟೆ ಮಾರಿದ ಚಿಲ್ಲರೆ ಕಾಸು ಅಕ್ಕಿ ಮಡಕೆಯ ತಳ ಸೇರುತ್ತಿತ್ತು. ಅಕ್ಕನ ಮೂಗುಬೊಟ್ಟು ಬಂದದ್ದು ಅಲ್ಲಿಂದ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ನನ್ನನ್ನು ಮುಂದೆ ಓದಿಸುವುದಿಲ್ಲ ಎಂದು ಅಪ್ಪಯ್ಯ ಖಂಡಿತವಾಗಿ ಹೇಳಿದಾಗ, ಅವ್ವ ಎದುರುತ್ತರ ಕೊಡಲಿಲ್ಲ. ಮೂರು ಹುಂಜ ಕಟ್ಟಿಕೊಂಡು ಸಂತೆಗೆ ಹೋದಳು. ಕಾಲೇಜಿನ ಫೀಜು ಕಟ್ಟಿದ ರಸೀತಿಯನ್ನು ತಂದು ದೇವರ ಗೂಡಿನಲ್ಲಿಟ್ಟಳು. ನಾನು ಮೂವತ್ತು ವರ್ಷ ಪಾಠ ಹೇಳಿ, ಪಿಂಚಣಿ ತೆಗೆದುಕೊಳ್ಳುತ್ತಿರುವುದರ ಹಿಂದೆ ಆ ಮೂರು ಹುಂಜಗಳಿವೆ.

ಇದನ್ನು ಪುಟ್ಟಿಗೆ ಹೇಳಿದೆ. ಕೇಳಿದಳು. ಮಾರನೆಯ ದಿನ ಅವಳು ಆಟದಲ್ಲಿ ಹೊಸದೊಂದನ್ನು ಕಟ್ಟಿ ತೋರಿಸಿದಳು. ಕೋಳಿಗಳು ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ತುರುಕಿಕೊಂಡು ನಿಂತಿವೆ. ಅವು ಇಟ್ಟ ಮೊಟ್ಟೆ ಕೆಳಗಿನ ಲಾಳಿಕೆಯಂಥ ಹಾಪರಿಗೆ ಬೀಳುತ್ತದೆ, ಅಲ್ಲಿಂದ ಡಿಸ್ಪೆನ್ಸರ್ ಎಂಬ ಪೆಟ್ಟಿಗೆಗೆ ಹೋಗುತ್ತದೆ. ಅದು ಮೊಟ್ಟೆಯನ್ನು ತಾನೇ ಎಸೆಯುತ್ತದೆ. ಹುಟ್ಟಿದ ಮರಿಗಳ ತಲೆಯ ಮೇಲ್ಗಡೆ ಲಾವಾ, ಅಂದರೆ ಕರಗಿದ ಕಲ್ಲಿನ ಬೆಂಕಿ. ಮರಿ ಕುಳ್ಳಗಿರುವವರೆಗೂ ಬೆಂಕಿ ತಾಗುವುದಿಲ್ಲ. 20 ನಿಮಿಷಕ್ಕೆ ಬೆಳೆದು ಎತ್ತರವಾದದ್ದೇ ತಡ, ತಲೆ ಬೆಂಕಿಗೆ ಸಿಕ್ಕಿ, ಬೆಂದ ಮಾಂಸ ನೇರ ಪೆಟ್ಟಿಗೆಗೆ! "ನಾವು ಏನೂ ಮಾಡೋ ಹಾಗೇ ಇಲ್ಲ ಅಜ್ಜಿ, ಮಲಗಿ ಎದ್ದರೆ ಊಟ ರೆಡಿ" ಎಂದಳು.

ಬೆಳೆಯುವುದೇ ಸಾವಿಗೆ ಕಾರಣವಾಗುವ ಆ ಯಂತ್ರ ನೋಡಿ ನನ್ನ ಹೊಟ್ಟೆಯೊಳಗೆ ಏನೋ ಕಲಕಿದಂತಾಯಿತು. ಬೈಯಲಿಲ್ಲ. "ಪಾಪ ಅನ್ನಿಸೋದಿಲ್ವೇನೇ?" ಎಂದಷ್ಟೇ ಕೇಳಿದೆ. ಅವಳು ಸ್ವಲ್ಪ ಯೋಚಿಸಿ, "ಅಂಗಡಿ ಕೋಳಿ ಹೇಗೆ ಬರುತ್ತೆ ಅಜ್ಜಿ?" ಎಂದಳು.

ಮೇಷ್ಟ್ರಾಗಿದ್ದವಳು ಸುಳ್ಳು ಹೇಳುವಂತಿಲ್ಲ. ಇದ್ದದ್ದನ್ನು ಹೇಳಿದೆ. ಅಂಗಡಿಗೆ ಬರುವ ಬ್ರಾಯ್ಲರ್ ಕೋಳಿ ಮೊಟ್ಟೆಯೊಡೆದು ಬಂದ ಸುಮಾರು ಆರು ವಾರಕ್ಕೆ ತಕ್ಕಡಿ ಏರುತ್ತದೆ. ಮೊಟ್ಟೆ ಕೋಳಿಗಳು ತಂತಿಯ ಪಂಜರದಲ್ಲಿ ನಿಂತು ವರ್ಷಕ್ಕೆ ಸುಮಾರು 300 ಮೊಟ್ಟೆ ಇಡುತ್ತವೆ; ಇಳಿಜಾರಿನ ತಂತಿಯ ಮೇಲೆ ಮೊಟ್ಟೆ ಉರುಳಿ ಮುಂದೆ ಬರುತ್ತದೆ. ಆ ತಳಿಗಳಿಂದ ಕಾವಿಗೆ ಕೂರುವ ಗುಣವನ್ನೇ ಆರಿಸಿ ಆರಿಸಿ ತೆಗೆದಿದ್ದಾರೆ, ಕಾವಿಗೆ ಕೂತರೆ ಮೊಟ್ಟೆ ನಿಲ್ಲುತ್ತದಲ್ಲ! ಕಾವು ಕೊಡಲು ಯಂತ್ರವಿದೆ. ಅದೇ 21 ದಿನ, ಅದೇ ಬಿಸಿ, ಆದರೆ ಅವ್ವ ಇಲ್ಲ, ಹೇಂಟೆಯೂ ಇಲ್ಲ.

ಹೇಳುತ್ತಾ ಹೋದ ಹಾಗೆ ನನಗೇ ತಿಳಿಯಿತು. ಸ್ವೀಡನ್ನಿನವರು ನಮ್ಮವ್ವನ ಒಡ್ಡಿಯನ್ನು ಅರ್ಧಮರ್ಧ ಬರೆದದ್ದಲ್ಲ. ಮಕ್ಕಳು ಆ ಇಟ್ಟಿಗೆಗಳಲ್ಲಿ ಕಟ್ಟುತ್ತಿರುವುದು ನಾವು ದಿನವೂ ಉಣ್ಣುವ ಅನ್ನದ ಹಿಂದಿನ ಕಾರ್ಖಾನೆಯನ್ನೇ. ಅವ್ವನೇನು ಋಷಿಯಲ್ಲ. ಕೋಳಿ ಮಾರಿದವಳು, ನೆಂಟರು ಬಂದರೆ ಸಾರು ಮಾಡಿದವಳು. ಆದರೆ ಕಾವಿಗೆ ಕೂತದ್ದನ್ನು, ಮರಿ ಕಟ್ಟಿಕೊಂಡದ್ದನ್ನು ಮುಟ್ಟಬಾರದೆಂಬ ಕಟ್ಟುಪಾಡು ಅವಳಲ್ಲಿತ್ತು. ಎಂಥ ನೆಂಟ ಬಂದರೂ ಅದು ಮುರಿಯಲಿಲ್ಲ. ಯಾವುದನ್ನು ಕೊಡುವುದು, ಯಾವುದನ್ನು ಉಳಿಸುವುದು ಎಂದು ದಿನವೂ ಮುಖ ನೋಡಿ ನಿರ್ಧರಿಸುತ್ತಿದ್ದಳು. ಯಂತ್ರಕ್ಕೆ ಮುಖ ನೋಡುವ ಕೆಲಸವಿಲ್ಲ.

ರಜೆ ಮುಗಿಯುವ ಮುಂಚೆ ಪುಟ್ಟಿಯನ್ನು ತಮ್ಮನ ಮನೆಗೆ ಕರೆದುಕೊಂಡು ಹೋದೆ. ತಮ್ಮನ ಹೆಂಡತಿಯ ಬುಟ್ಟಿಯಲ್ಲಿ ಒಂದು ಹೇಂಟೆ ಕಾವಿಗೆ ಕೂತು ಹದಿನೆಂಟು ದಿನವಾಗಿತ್ತು. ಪುಟ್ಟಿ ಕೈ ಹಾಕಲು ಹೋಗಿ ಕುಕ್ಕಿಸಿಕೊಂಡಳು. ಅತ್ತಳು, ಆದರೂ ಅಲ್ಲಿಂದ ಏಳಲಿಲ್ಲ. ಮೂರು ದಿನ ಫೋನು, ಟ್ಯಾಬು ಎಲ್ಲ ಮರೆತು ಬುಟ್ಟಿಯ ಮುಂದೆ ಕೂತಳು. ಹನ್ನೊಂದರಲ್ಲಿ ಎಂಟು ಮರಿಯಾದವು. "ಆಟದಲ್ಲಿ ಎಂಟಕ್ಕೆ ಒಂದು. ಇಲ್ಲಿ ಹನ್ನೊಂದಕ್ಕೆ ಎಂಟು!" ಎಂದು ಲೆಕ್ಕ ಹಾಕಿ ಕುಣಿದಳು.

ಹೊರಡುವಾಗ ತಮ್ಮನ ಹೆಂಡತಿ ಅವಳಿಗೊಂದು ಹೂಮರಿಯನ್ನು ಪಾಲಿಗೆ ಬಿಟ್ಟುಕೊಟ್ಟಳು. ಸಾಕುವುದು ಇವಳು, ಹೇಂಟೆಯಾಗಿ ಮರಿ ಮಾಡಿದರೆ ಅರ್ಧ ಪುಟ್ಟಿಗೆ. ಹಳ್ಳಿಯ ಹಳೆಯ ಲೆಕ್ಕ. ಈಗ ಬೆಂಗಳೂರಿನಿಂದ ವಾರಕ್ಕೊಮ್ಮೆ ಫೋನು ಬರುತ್ತದೆ. ಗಿಡುಗ ಬಂತೇ, ಮಳೆಗೆ ನೆನೆಯಿತೇ, ಲಸಿಕೆ ಹಾಕಿಸಿದಿರಾ ಎಂದು ವಿಚಾರಣೆ. ಆಟದಲ್ಲಿ ಬೆಂಕಿಯ ಯಂತ್ರ ಹಾಗೇ ಇದೆಯಂತೆ, ಕೆಡವಿಲ್ಲ. ಕೆಡವು ಎಂದು ನಾನೂ ಹೇಳಿಲ್ಲ.

ಮೊನ್ನೆ ಫೋನಿನಲ್ಲಿ ದನಿ ತಗ್ಗಿಸಿ ಕೇಳಿದಳು: "ಅಜ್ಜೀ, ನನ್ನ ಪಾಲಿನ ದುಡ್ಡು ಬಂದರೆ ಅದನ್ನು ಅಪ್ಪನ ಕೈಗೆ ಕೊಡಬೇಕಾ?"

"ಬೇಡ" ಎಂದೆ. "ನಮ್ಮ ಮನೆಯಲ್ಲಿ ಅಕ್ಕಿ ಮಡಕೆ ಇದೆ."