ಗ್ರಂಥಾಲಯದಲ್ಲಿ ನಮ್ಮ ಪಾಲು

ರೂಪನಗುಡಿ ಕಡೆಯ ನಮ್ಮ ಹಳ್ಳಿಗಳಲ್ಲಿ ಗ್ರಂಥಾಲಯವೆಂದರೆ ಗಂಡಸರು ಪೇಪರ್ ಓದುವ ಜಾಗವೆಂದೇ ಲೆಕ್ಕ. ಹೆಂಗಸರು ಸೆರಗು ಸರಿಪಡಿಸಿಕೊಂಡು ಅದರ ಮುಂದೆ ಹಾದುಹೋಗುವುದು, ಅಷ್ಟೇ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ಮನೆ ಕಂದಾಯದೊಡನೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಆ ಪುಸ್ತಕಗಳಲ್ಲಿ ನಮ್ಮ ಪಾಲೂ ಇದೆಯೆಂದು ಯಾರೂ ಹೇಳಿರಲಿಲ್ಲ.

2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಮರುವರ್ಷ ಕೊರೊನಾದಿಂದ ಶಾಲೆಗಳಿಗೆ ಬೀಗ ಬಿದ್ದಾಗ ‘ಓದುವ ಬೆಳಕು’ ಬಂತು, ಮಕ್ಕಳಿಗೆ ಉಚಿತ ಸದಸ್ಯತ್ವ. ಮಗಳು ತಂದ ಕಥೆ ಪುಸ್ತಕವನ್ನು ಅವಳಿಗಿಂತ ಮೊದಲು ಒಲೆ ಮುಂದೆ ಕೂತು ನಾನೇ ಓದಿ ಮುಗಿಸುತ್ತಿದ್ದೆ. “ಅಮ್ಮಿ, ನೀನೇ ಬಂದು ಆರಿಸಿಕೋ” ಎಂದಳು. ಬಾಗಿಲವರೆಗೆ ಹೋದೆ. ಬೆಂಚಿನ ತುಂಬ ಗಂಡಸರು, ಹಿಂತಿರುಗಿ ಬಂದೆ.

ಈಗ ಬೋರ್ಡಿನಲ್ಲಿ ‘ಅರಿವು ಕೇಂದ್ರ’ ಎಂದಿದೆ. ಹೆಸರೇನೋ ಚೆನ್ನಾಗಿದೆ. ನಮಗೆ ಬೇಕಾದದ್ದು ಮಧ್ಯಾಹ್ನ ಎರಡು ತಾಸು, ಹೆಂಗಸರಿಗೆಂದೇ. ಸಹೋದರಿಯರೇ, ನಿಮ್ಮೂರ ಗ್ರಾಮಸಭೆಯಲ್ಲೂ ಈ ಮಾತು ಎತ್ತಿರಿ. ನಾವು ನಾಲ್ವರು ಸೇರಿ ಅರ್ಜಿ ಬರೆದಿದ್ದೇವೆ.