ಒಂದು ರೂಪಾಯಿಯ ಆಕಾಶ

ನಮ್ಮ ಬಾಲ್ಯದಲ್ಲಿ ವಿಮಾನವೆಂದರೆ ಕತ್ತೆತ್ತಿ ನೋಡುವ ವಸ್ತು. ಸದ್ದು ಕೇಳಿದೊಡನೆ ಊಟದ ತಟ್ಟೆ ಬಿಟ್ಟು ಅಂಗಳಕ್ಕೆ ಓಡುತ್ತಿದ್ದೆವು. ಒಳಗೆ ಕುಳಿತು ಕೆಳಗೆ ನೋಡುವವರು ಬೇರೊಂದು ಲೋಕದ ಜನ. ಅವರಿಗೂ ನಮಗೂ ನೆಂಟಸ್ತಿಕೆ ಇರಲಿಲ್ಲ.

ಈ ಲೆಕ್ಕವನ್ನು ಕದಲಿಸಿದವರು ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್. ಸೈನ್ಯ ಬಿಟ್ಟು ಬಂದು ಜಾವಗಲ್ ಬಳಿ ಬೇಸಾಯ ಹೂಡಿ, ರೇಷ್ಮೆಹುಳು ಸಾಕಿ, ಆಮೇಲೆ ಹೆಲಿಕಾಪ್ಟರುಗಳನ್ನು ಬಾಡಿಗೆಗೆ ಬಿಟ್ಟ ಈ ಮನುಷ್ಯ 2003ರ ಆಗಸ್ಟಿನಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ಮೊದಲ ದಾರಿ ಬೆಂಗಳೂರು–ಹುಬ್ಬಳ್ಳಿ. ದೆಹಲಿಯಲ್ಲ, ಮುಂಬಯಿಯಲ್ಲ, ಹುಬ್ಬಳ್ಳಿ! ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿಯೇ.

ವಿಮಾನವಾದರೂ ಎಂಥದು? ಎರಡು ಪಂಖಗಳ, 48 ಆಸನಗಳ ಎಟಿಆರ್. ಹತ್ತಿರದ ಊರಿಗೆ ಜೆಟ್ ವಿಮಾನ ಹೋದರೆ ಮೇಲೇರುವಷ್ಟರಲ್ಲಿ ಇಳಿಯುವ ಹೊತ್ತಾಗುತ್ತದೆ. ಎಣ್ಣೆ ಸುಮ್ಮನೆ ಖರ್ಚು. ಈ ಪಂಖದ ವಿಮಾನಕ್ಕಾದರೋ ಎಣ್ಣೆಯೂ ಕಡಿಮೆ, ಚಿಕ್ಕ ಊರಿನ ಗಿಡ್ಡ ಓಡುದಾರಿಯೂ ಸಾಕು. ರೆಕ್ಕೆಗಳು ಮೇಲ್ಗಡೆ ಇರುವುದರಿಂದ ಕಿಟಕಿಯಲ್ಲಿ ಕೆರೆ, ಗದ್ದೆಗಳು ಚೆನ್ನಾಗಿ ಕಾಣುತ್ತವೆ. ಇದು ಲೆಕ್ಕಕ್ಕೆ ಬಾರದ ಲಾಭ. ಬಿಟ್ಟಿ ಊಟವಿಲ್ಲ. ನೆಲದ ಮೇಲೆ ನಿಂತ ವಿಮಾನ ಕಾಸು ದುಡಿಯುವುದಿಲ್ಲವಾದ್ದರಿಂದ ಇಳಿಸಿ, ಹತ್ತಿಸಿ, ಮತ್ತೆ ಹಾರಿಸುವ ಅವಸರ. ಆಸನಕ್ಕೆ ಸಂಖ್ಯೆಯೂ ಇರಲಿಲ್ಲ, ಮೊದಲು ಹತ್ತಿದವನಿಗೆ ಕಿಟಕಿ. ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಮ್ಮವರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಮೈಸೂರಿನ ಆರ್. ಕೆ. ಲಕ್ಷ್ಮಣರ ‘ಶ್ರೀಸಾಮಾನ್ಯ’ನನ್ನೇ ಸಂಸ್ಥೆ ತನ್ನ ಗುರುತಾಗಿ ಇಟ್ಟುಕೊಂಡಿತ್ತು.

ಒಂದು ರೂಪಾಯಿಯ ಟಿಕೆಟಿನ ಮಾತನ್ನು ಹೇಳದೆ ಬಿಟ್ಟರೆ ನೀವು ಒಪ್ಪುವುದಿಲ್ಲ. ಅಂಥ ಟಿಕೆಟುಗಳು ಇದ್ದದ್ದು ನಿಜ, ಆದರೆ ಕೆಲವೇ. ಮುಂಚೆ ಕೊಂಡವನಿಗೆ ಅಗ್ಗ, ತಡವಾಗಿ ಬಂದವನಿಗೆ ದುಬಾರಿ; ನಮ್ಮ ತರಕಾರಿ ಮಾರುಕಟ್ಟೆಗೆ ಸರಿಯಾಗಿ ವಿರುದ್ಧ.

ನನ್ನ ಅಕ್ಕ ತಡವಾಗಿ ಕೊಂಡವಳೇ. 2005ರಲ್ಲಿ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದ ಅಮ್ಮನಿಗೆ ಉಸಿರು ಕಷ್ಟವಾಯಿತು. ಹುಬ್ಬಳ್ಳಿಗೆ ಫೋನು ಮಾಡಿದೆ. ಅಕ್ಕ ರಾತ್ರಿಯ ರೈಲು ಹಿಡಿದಿದ್ದರೆ ಬೆಳಗ್ಗೆ ತಲುಪುತ್ತಿದ್ದಳು. ಭಾವ ಎಲ್ಲಿಂದಲೋ ಹಣ ಹೊಂದಿಸಿ ಅಂದಿನ ವಿಮಾನಕ್ಕೆ ಕೂರಿಸಿದರು. ಅದು ಒಂದು ರೂಪಾಯಿಯೇನೂ ಆಗಿರಲಿಲ್ಲ. ಆದರೂ ಶಾಲಾಮಾಸ್ತರರೊಬ್ಬರು ಹೊಂದಿಸಬಹುದಾದ ಹಣ. ಸಂಜೆಗೆ ಅವಳು ಬಂದಾಗ ಅಮ್ಮ ಕಣ್ಣು ತೆರೆದು, “ಊಟ ಆಯ್ತೇನೇ?” ಎಂದರು. ಬೆಳಗಿನ ಜಾವ ಹೋಗಿಬಿಟ್ಟರು. ರೈಲು ಆಗ ಇನ್ನೂ ದಾರಿಯಲ್ಲಿತ್ತು.

ಹೀಗಾಗಿ ಆ ಸಂಸ್ಥೆಯ ಲಾಭನಷ್ಟವನ್ನು ತಟಸ್ಥವಾಗಿ ತೂಗುವುದು ನನ್ನಿಂದಾಗದು. ನಷ್ಟವಂತೂ ಇತ್ತು. ನಾಲ್ಕೇ ವರ್ಷಗಳಲ್ಲಿ 60ಕ್ಕೂ ಹೆಚ್ಚು ಊರುಗಳಿಗೆ ಹಬ್ಬಿತು. ಅಷ್ಟು ವೇಗ ಸಲ್ಲದಿತ್ತೆಂದು ನನ್ನ ಎಣಿಕೆ. ಅಗ್ಗದ ಟಿಕೆಟಿನಲ್ಲಿ ಪೈಪೋಟಿಗೆ ಬೇರೆಯವರೂ ಬಂದರು. 2007ರಲ್ಲಿ ವಿಜಯ್ ಮಲ್ಯರ ಯುಬಿ ಗುಂಪು ನಾಲ್ಕರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚಿನ ಪಾಲನ್ನು ಕೊಂಡಿತು. ಮರುವರ್ಷ ಹೆಸರು ‘ಕಿಂಗ್‌ಫಿಷರ್ ರೆಡ್’ ಆಯಿತು. 2011ರಲ್ಲಿ ಆ ಅಗ್ಗದ ಸೇವೆ ಮುಚ್ಚಿತು, 2012ರಲ್ಲಿ ಕಿಂಗ್‌ಫಿಷರೇ ನೆಲಕ್ಕಿಳಿಯಿತು. ಸರ್ಕಾರದ ‘ಉಡಾನ್’ ಯೋಜನೆಯಡಿ ಏರ್ ಡೆಕ್ಕನ್ ಹೆಸರು 2017ರಲ್ಲಿ ಮತ್ತೆ ಹಾರಿ, 2020ರಲ್ಲಿ ನಿಂತಿತು.

ಹುಬ್ಬಳ್ಳಿಗೆ ಆಮೇಲೆ ದೊಡ್ಡ ವಿಮಾನಗಳೂ ಬಂದವು. ಈಚೆಗೆ ಅಕ್ಕನ ಮೊಮ್ಮಗ ಮೊಬೈಲಿನಲ್ಲಿ ಟಿಕೆಟು ಕೊಳ್ಳುತ್ತ, ಕಿಟಕಿಯ ಸೀಟಿಗೆ ಬೇರೆ ದುಡ್ಡು ಕೇಳುತ್ತಾರೆಂದು ಗೊಣಗಿದ. ನಲವತ್ತು ವರ್ಷ ಹುಬ್ಬಳ್ಳಿಯ ನೀರು ಕುಡಿದ ಅಕ್ಕ ಕನ್ನಡಕ ಮೇಲೇರಿಸಿ ಕೇಳಿದಳು: “ಟಾವೆಲ್ ಒಗದ್ರ ಆಗೂದಿಲ್ಲೇನಪಾ?”