ನಿಲ್ಲದ ಬಿಕ್ಕಳಿಕೆಯ ಹಿಂದೆ

ಮೊದಲು ಕೇಳುವುದು ಬಿಕ್ಕಳಿಕೆಯ ಸದ್ದು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನರರೋಗ ತಜ್ಞರೊಬ್ಬರ ಕೋಣೆಯ ಹೊರಗೆ ನೀವು ಕುಳಿತಿದ್ದೀರಿ. ರಸ್ತೆಯಲ್ಲಿ ಧಾರವಾಡದ ಕಡೆಗೆ ಚಿಗರಿ ಬಸ್ಸು ಹಾದುಹೋಗುತ್ತದೆ. ಎದುರಿನ ಬೆಂಚಿನಲ್ಲಿ ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಗಂಡನ ತೋಳು ಗಟ್ಟಿಯಾಗಿ ಹಿಡಿದು ಕೂತಿದ್ದಾಳೆ. ನವಲಗುಂದದವಳಿರಬಹುದು, ಕುಂದಗೋಳದವಳಿರಬಹುದು. ಇಂಥ ಬಿಕ್ಕಳಿಕೆ ಹೊತ್ತು ಇಲ್ಲಿಗೆ ಬರುವ ಅನೇಕರ ಕಥೆ ಹೆಚ್ಚುಕಡಿಮೆ ಹೀಗೇ ಇರುವುದರಿಂದ ಆಕೆಗೊಂದು ಹೆಸರಿಡುವ ಅಗತ್ಯವಿಲ್ಲ.

"ಯಾರೋ ಭಾಳ ನೆನಸಾಕತ್ತಾರ ಅಂತ ಮೊದಲ ನಕ್ಕೋತ ಇದ್ವಿರಿ," ಎನ್ನುತ್ತಾನೆ ಗಂಡ. ವಾರ ಕಳೆದರೂ ನಿಲ್ಲಲಿಲ್ಲ. ವಾಂತಿ ಸೇರಿಕೊಂಡಿತು. ಗ್ಯಾಸ್ ಎಂದರು, ಎಂಡೋಸ್ಕೋಪಿ ಆಯಿತು, ಹೊಟ್ಟೆಯಲ್ಲಿ ಏನೂ ಸಿಗಲಿಲ್ಲ. ಈಗ ಬಲಗಣ್ಣು ಮಂಜು. ಮೊನ್ನೆಯಿಂದ ಕಾಲು ಜೋಮು ಹಿಡಿದಿದೆ.

ಒಳಗೆ ಡಾಕ್ಟರು ಟಾರ್ಚಿನ ಬೆಳಕನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹೊರಳಿಸುತ್ತಾರೆ. ಎಡಗಡೆಯಿಂದ ಬಲಕ್ಕೆ ಬೆಳಕು ಬಿದ್ದಾಗ ಪಾಪೆ ಕಿರಿದಾಗುವ ಬದಲು ಹಿಗ್ಗುತ್ತದೆ. ಸುತ್ತಿಗೆಯ ಹಿಡಿಯಿಂದ ಅಂಗಾಲು ಗೀರುತ್ತಾರೆ. ಹೆಬ್ಬೆರಳು ಕೆಳಗೆ ಬಾಗದೆ ಮೇಲೇಳುತ್ತದೆ. ಎಂಆರ್‌ಐ ಫಿಲ್ಮನ್ನು ದೀಪಕ್ಕೆ ಹಿಡಿದಾಗ ನಿಮಗೂ ಕಾಣುತ್ತದೆ: ಬೆನ್ನುಹುರಿಯಲ್ಲಿ ಮೂರು ಕಶೇರುಗಳಿಗಿಂತ ಉದ್ದದ ಬಿಳಿ ಪಟ್ಟಿ, ಮೇಲೆ ಮಿದುಳಿನ ಬುಡದಲ್ಲಿ ವಾಂತಿಯನ್ನು ನಿಯಂತ್ರಿಸುವ ಜಾಗದಲ್ಲೊಂದು ಬಿಳಿ ಚುಕ್ಕೆ. ಬಿಕ್ಕಳಿಕೆ ಹುಟ್ಟಿದ್ದು ಅಲ್ಲಿ.

ಇದು ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್) ಇರಬಹುದು, ಎನ್‌ಎಂಒ (ನ್ಯೂರೋಮೈಲೈಟಿಸ್ ಆಪ್ಟಿಕಾ) ಇರಬಹುದು. ಎರಡರಲ್ಲೂ ಬೇಲಿಯೇ ಎದ್ದು ಹೊಲ ಮೇಯುತ್ತದೆ, ದೇಹದ ರೋಗನಿರೋಧಕ ಶಕ್ತಿ ತನ್ನದೇ ನರಮಂಡಲದ ಮೇಲೆ ಬೀಳುತ್ತದೆ. ಆದರೆ ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್‌ನಂಥ ಔಷಧ ಎನ್‌ಎಂಒ ಇದ್ದವರಿಗೆ ಕೊಟ್ಟರೆ ಕಾಯಿಲೆ ಉಲ್ಬಣಿಸಬಹುದು. ಊಹೆಯ ಮೇಲೆ ಔಷಧ ಬರೆಯುವ ಹಾಗಿಲ್ಲ. ಡಾಕ್ಟರು ಚೀಟಿಯಲ್ಲಿ ಒಂದು ರಕ್ತಪರೀಕ್ಷೆ ಬರೆಯುತ್ತಾರೆ.

ಆ ಚೀಟಿಯ ಹಿಂದೆ ದೊಡ್ಡ ಕಥೆಯಿದೆ. ಲಿಯಾನಿನ ಯೂಜೀನ್ ಡೆವಿಕ್ ಎನ್‌ಎಂಒ ಕಾಯಿಲೆಯನ್ನು ವಿವರಿಸಿದ್ದು 1894ರಲ್ಲಿ. ನೂರು ವರ್ಷ ಅದನ್ನು ಎಂಎಸ್‌ನ ಒಂದು ಬಗೆ ಎಂದೇ ಬಹುಪಾಲು ವೈದ್ಯರು ಎಣಿಸಿದ್ದರು. 2004ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವಾಂಡಾ ಲೆನನ್ ಮತ್ತು ಸಂಗಡಿಗರು ರೋಗಿಗಳ ರಕ್ತದಲ್ಲಿ ಒಂದು ಪ್ರತಿಕಾಯ ಕಂಡರು. ಅದು ಗುರಿಯಿಡುವುದು ಜೀವಕೋಶಕ್ಕೆ ನೀರಿನ ಕಾಲುವೆಯಾದ ಅಕ್ವಾಪೊರಿನ್-4 ಎಂಬ ಪ್ರೋಟೀನನ್ನು ಎಂದು ಮರುವರ್ಷ ತಿಳಿಯಿತು.

ನಮ್ಮ ಕರಾವಳಿಯಲ್ಲಿ ಈ ಎಳೆ ಹಿಡಿದವರು ಡಾ. ಲೇಖಾ ಪಂಡಿತ್. ಮಂಗಳೂರಿನ ನರರೋಗ ತಜ್ಞೆ. ಎಂಎಸ್ ಬಿಳಿಯರ ಕಾಯಿಲೆ, ನಮ್ಮಲ್ಲಿ ಅಪರೂಪ ಎಂಬ ಮಾತನ್ನು ಅವರು ಹಾಗೇ ಒಪ್ಪಲಿಲ್ಲ, ಎಣಿಸಿ ನೋಡಿದರು. ಇಂಥ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸುವ ನೋಂದಣಿ ಕಟ್ಟಿದರು. ಅವರು 2014ರಲ್ಲಿ ಪ್ರಕಟಿಸಿದ ಮಂಗಳೂರು ನಗರದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಎಂಟಕ್ಕೂ ಮಿಕ್ಕಿ ಎಂಎಸ್, 2.6 ಎನ್‌ಎಂಒ ಸಿಕ್ಕಿತು. ನಮ್ಮವರ ವಂಶವಾಹಿಗಳನ್ನು ಕೇಂಬ್ರಿಜ್‌ನವರ ಜೊತೆ, ಪ್ರತಿಕಾಯಗಳನ್ನು ಜಪಾನಿನ ತೊಹೊಕು ವಿಶ್ವವಿದ್ಯಾಲಯದವರ ಜೊತೆ ಪರೀಕ್ಷಿಸಿದರು. ನನಗೆ ಅವರ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದರ ನಂತರದ ಹೆಜ್ಜೆ. ಪ್ರತಿಕಾಯದ ಪರೀಕ್ಷೆಯನ್ನೇ ದೇರಳಕಟ್ಟೆಯ ನಿಟ್ಟೆ ವಿಶ್ವವಿದ್ಯಾಲಯದ ತಮ್ಮ ಕೇಂದ್ರದಲ್ಲಿ, ಕಡಿಮೆ ಖರ್ಚಿನಲ್ಲಿ ರೂಪಿಸಿದರು. ಸಂಶೋಧನೆ ಪತ್ರಿಕೆಯಲ್ಲಿ ಅಚ್ಚಾದರೆ ಹೆಸರು ಬರುತ್ತದೆ. ಪರೀಕ್ಷೆ ಹತ್ತಿರ ಬಂದರೆ ನವಲಗುಂದದ ಹೆಣ್ಣುಮಗಳ ಕಣ್ಣು ಉಳಿಯುತ್ತದೆ.

ಈಗ ಆಕೆಯ ರಕ್ತದ ಜೊತೆ ನೀವೂ ಹೊರಡಿ. ಸೀರಮ್ ಬೇರ್ಪಡಿಸಿ, ಐಸ್ ಪ್ಯಾಕಿನ ಡಬ್ಬಿಯಲ್ಲಿಟ್ಟಿದ್ದಾರೆ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಸೆಖೆ ಮುಖಕ್ಕೆ ರಾಚುತ್ತದೆ. ಅಂಕೋಲಾದಿಂದ ಕಡಲ ಪಕ್ಕದ ಹೆದ್ದಾರಿ ಹಿಡಿದು ಮಂಗಳೂರು, ಅಲ್ಲಿಂದ ದೇರಳಕಟ್ಟೆ. ಪ್ರಯೋಗಾಲಯದಲ್ಲಿ ಸಾಕಿದ ಜೀವಕೋಶಗಳಿಗೆ ಅಕ್ವಾಪೊರಿನ್-4 ಜೀನ್ ಸೇರಿಸುತ್ತಾರೆ. ಆ ಪ್ರೋಟೀನು ಕೋಶದ ಹೊರಪೊರೆಯ ಮೇಲೆ ಮೂಡುತ್ತದೆ. ಅದರ ಮೇಲೆ ಸೀರಮ್. ಆಮೇಲೆ ಹೊಳೆಯುವ ಬಣ್ಣ ಅಂಟಿಸಿದ ಇನ್ನೊಂದು ಪ್ರತಿಕಾಯ. ತೊಳೆಯುತ್ತಾರೆ. ರೋಗದ ಪ್ರತಿಕಾಯ ಇಲ್ಲದಿದ್ದರೆ ಬಣ್ಣ ತೊಳೆದುಹೋಗುತ್ತದೆ, ಇದ್ದರೆ ಅಂಟಿ ಕೂರುತ್ತದೆ. ಕತ್ತಲ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಡಿ: ಒಂದೊಂದು ಕೋಶದ ಅಂಚೂ ಬೆಳಗುತ್ತಿದೆ.

ಪಾಸಿಟಿವ್.

ಹುಬ್ಬಳ್ಳಿಯಲ್ಲಿ ವರದಿಗೆ ಕಾಯದೆ ಸ್ಟಿರಾಯ್ಡ್ ಡ್ರಿಪ್ ಶುರುವಾಗಿದೆ, ದಿನಕ್ಕೊಂದು ಗ್ರಾಂ, ಐದು ದಿನ. ಬಿಕ್ಕಳಿಕೆ ಇಳಿದಿದೆ. ಕಣ್ಣಿಗೆ ಇಷ್ಟು ಸಾಲದಿದ್ದರೆ ಪ್ಲಾಸ್ಮಾ ಬದಲಿಸಬೇಕು, ತಡಮಾಡಬಾರದು. ಮುಂದೆ ಕಾಯಿಲೆ ಮರುಕಳಿಸದಂತೆ ರಿಟುಕ್ಸಿಮ್ಯಾಬ್ ಬೇಕೋ, ಅಗ್ಗದ ಅಜಥಯೊಪ್ರಿನ್ ಸಾಕೋ ಎಂಬುದು ವೈದ್ಯರ ಲೆಕ್ಕದಷ್ಟೇ ಮನೆಯ ಲೆಕ್ಕವೂ ಹೌದು.

"ಆರಾಮ ಆದ ಮ್ಯಾಲೂ ಗುಳಿಗಿ ಬೇಕೇನ್ರೀ?" ಗಂಡ ಕೇಳುತ್ತಾನೆ.

"ಬೇಕು. ಇದು ತಿರುಗಿ ಬರೂ ಜಡ್ಡು. ಒಂದೊಂದು ಸಲ ಬಂದಾಗೂ ಒಂದಿಷ್ಟು ಕಣ್ಣು, ಒಂದಿಷ್ಟು ಕಾಲು ಒಯ್ತದ. ಬಿಡಬ್ಯಾಡ್ರಿ. ಮತ್ತ ಬಿಕ್ಕಳಿಕಿ ಹತ್ತಿದ್ರ ಹೊಟ್ಟಿ ಡಾಕ್ಟರ್ ಕಡೆ ಹೋಗಬ್ಯಾಡ್ರಿ, ಸೀದಾ ಇಲ್ಲಿಗೆ ಬರ್ರಿ."